ತಂಗಿಯ ಎಣಿಕೆ ಹಾಡಾದ ಶುಕ್ರವಾರ

ನನಗೆ ಬಾಯಿ ಜಾಸ್ತಿ. ಊರವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಕೊಬ್ಬರಿ ಶೆಡ್ ಇದೆ. ಅಲ್ಲಿ ಒಂದು ಬೆಳಗ್ಗೆ ನಿಂತರೆ ಸಾಕು, ನನ್ನ ಗಂಟಲು ಎಷ್ಟು ದೂರ ಕೇಳುತ್ತದೆ ಅಂತ ಗೊತ್ತಾಗುತ್ತದೆ. ಕಾಯಿ ತರುವ ಲಾರಿಯವರ ಹತ್ತಿರ ಜಗಳ, ಸಿಪ್ಪೆ ಸುಲಿಯುವವರ ಹತ್ತಿರ ಜಗಳ, ಕೊಳ್ಳಲು ಬಂದು ಒಂದೊಂದೇ ಕೊಬ್ಬರಿ ಉಂಡೆಯನ್ನು ಮೂಗಿಗೆ ಹಿಡಿದು ಮೂಸುವ ಮಂಡಿಯವರ ಹತ್ತಿರ ಜಗಳ. ನಮ್ಮ ಮನೆಯವರು ತೋಟ ನೋಡಿಕೊಳ್ಳುತ್ತಾರೆ, ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ. “ಅಲ್ಲಿ ನೀನೇ ಇದ್ದೀಯಲ್ಲ, ಇನ್ನೊಬ್ರು ಯಾಕೆ” ಅನ್ನುತ್ತಾರೆ. ಅದು ಹೊಗಳಿಕೆಯೋ ತೆಗಳಿಕೆಯೋ ನಾನು ಕೇಳಲು ಹೋಗಿಲ್ಲ.

ನನ್ನ ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು, ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳಿಗೆ ಉಗ್ಗು. ಮಾತು ಶುರುವಾಗುವ ಜಾಗದಲ್ಲೇ ತಡೆಯುತ್ತದೆ. ಮೊದಲ ಅಕ್ಷರ ತುಟಿಯ ಮೇಲೆ ಬಂದು ನಿಂತುಬಿಡುತ್ತದೆ, ಕತ್ತಿನ ನರ ಉಬ್ಬುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತಾಳೆ. ನೋಡುವವರಿಗೆ ಸಂಕಟ. ನನಗಂತೂ ಆ ಸಂಕಟವನ್ನು ಅರೆಗಳಿಗೆಯೂ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಅವಳು ಏನು ಹೇಳಲು ಹೊರಟಿದ್ದಾಳೆ ಅಂತ ಊಹಿಸಿ ನಾನೇ ಹೇಳಿ ಮುಗಿಸುತ್ತಿದ್ದೆ. ಅವಳು ಬಾಯಿ ಮುಚ್ಚಿ ತಲೆಯಾಡಿಸುತ್ತಿದ್ದಳು. ನಾನು ಸರಿಯಾಗಿ ಹೇಳಿದೆ ಅಂತ ಅದರ ಅರ್ಥ ಅಂದುಕೊಂಡಿದ್ದೆ.

ಇದಕ್ಕೆ ಒಂದು ಹಿಂದಿನ ಕತೆಯಿದೆ. ನಮ್ಮ ತವರು ತುರುವೇಕೆರೆ ತಾಲ್ಲೂಕಿನಲ್ಲಿ, ಸಂಪಿಗೆಗೆ ಹತ್ತಿರದ ಒಂದು ಹಳ್ಳಿ. ತಂಗಿ ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆ ನೋಡಲು ಯಾರೋ ಸಾಹೇಬರು ಬಂದು ಅವಳ ಹೆಸರು ಕೇಳಿದರಂತೆ. ಹೆಸರು ಹೊರಗೆ ಬರಲಿಲ್ಲ. ಕ್ಲಾಸೆಲ್ಲ ನಕ್ಕಿತು. ಸಂಜೆ ಒಬ್ಬ ಹುಡುಗ ದಾರಿಯುದ್ದಕ್ಕೂ ಅವಳ ಹಾಗೆಯೇ ಕಣ್ಣು ಮುಚ್ಚಿ, ಕತ್ತು ಉಬ್ಬಿಸಿ ಅಣಕಿಸುತ್ತಾ ಬಂದ. ನಾನು ಆಗ ಕಾಲೇಜಿನಿಂದ ವಾಪಸು ಬರುತ್ತಿದ್ದೆ. ಕೈಯಲ್ಲಿದ್ದ ಸ್ಟೀಲಿನ ಟಿಫನ್ ಡಬ್ಬಿಯಿಂದ ಅವನ ತಲೆಗೆ ಒಂದು ಕೊಟ್ಟೆ. ಡಬ್ಬಿಯ ಮುಚ್ಚಳ ಸೊಟ್ಟಗಾಗಿ ಆಮೇಲೆ ಹಾಕಲು ಬರಲಿಲ್ಲ. ಅವನ ಅಮ್ಮ ಮನೆ ಮುಂದೆ ಬಂದು ಕೂಗಾಡಿದಾಗ ಅವಳಿಗೂ ಸರಿಯಾಗಿಯೇ ಉತ್ತರ ಕೊಟ್ಟೆ. ರಾತ್ರಿ ಊಟಕ್ಕೆ ಕೂತಾಗ ಅವ್ವ, “ಇನ್ಮ್ಯಾಲೆ ನೀನೇ ಅವಳ ಬಾಯಿ ಆಗು ಕಣೇ” ಅಂದಳು. ಅವ್ವ ಅದನ್ನು ಯಾವ ಲೆಕ್ಕದಲ್ಲಿ ಹೇಳಿದಳೋ, ನಾನು ಅಕ್ಷರಶಃ ಪಾಲಿಸಿದೆ.

ಬಸ್ಸಿನಲ್ಲಿ ಟಿಕೆಟ್ ನಾನೇ ಕೇಳುತ್ತಿದ್ದೆ. ಡಾಕ್ಟರ ಮುಂದೆ ಅವಳ ಹೊಟ್ಟೆನೋವನ್ನು ನಾನೇ ವಿವರಿಸುತ್ತಿದ್ದೆ. ಸೀರೆ ಅಂಗಡಿಯಲ್ಲಿ ಅವಳಿಗೆ ನೀಲಿ ಇಷ್ಟ ಅಂತ ನಾನೇ ಹೇಳುತ್ತಿದ್ದೆ, ಅವಳ ಪೆಟ್ಟಿಗೆ ತುಂಬ ನೀಲಿ ಸೀರೆಗಳು. ಎರಡು ಮೂರು ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದಿದ್ದರು. ಮದುವೆ ಬೇಡ ಅಂತ ಉತ್ತರ ಹೋಯಿತು. ಬೇಡ ಅಂತ ಅವಳು ಅಂದಳೋ ನಾನು ಅಂದೆನೋ, ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಉಗ್ಗು ಅವಳ ಹತ್ತಿರ ಸುಳಿಯದ ಜಾಗ ಒಂದೇ, ಕಾಯಿಯ ಎಣಿಕೆ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹನ್ನೊಂದು ಹನ್ನೆರಡು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಅಟ್ಟಕ್ಕೆ ಹಾಕುವಾಗಲೂ ಎಣಿಸಬೇಕು, ಇಳಿಸುವಾಗಲೂ ಎಣಿಸಬೇಕು. ಎಣಿಸುವವರು ಒಂದೊಂದು ಕೈಯಲ್ಲಿ ಎರಡೆರಡು ಕಾಯಿ ಹಿಡಿದು, ನಾಲ್ಕನ್ನೂ ಒಟ್ಟಿಗೆ ಆಚೆ ರಾಶಿಗೆ ಎಸೆಯುತ್ತಾರೆ. ಎಸೆತಕ್ಕೊಂದು ಎಣಿಕೆ. ಒಂದು ಅಂತ ಯಾರೂ ಅನ್ನುವುದಿಲ್ಲ, ಲಾಭ ಅನ್ನಬೇಕು. ಲಾಭ ಲಾಭ, ಎರಡೂ ಎರಡು, ಮೂರೂ ಮೂರು, ಹೀಗೆ ರಾಗವಾಗಿ ಇಪ್ಪತ್ತೈದರವರೆಗೆ. ಇಪ್ಪತ್ತೈದು ಎಸೆತಕ್ಕೆ ನೂರು ಕಾಯಿ. ಆಗ ಗುರುತಿಗೆ ಒಂದು ಕಾಯಿಯನ್ನು ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ ಶುರು.

ಎಣಿಕೆ ನಡೆಯುವಾಗ ಯಾರೂ ಎಣಿಸುವವರನ್ನು ಮಾತಾಡಿಸುವಂತಿಲ್ಲ. ಮನೆಗೆ ನೆಂಟರು ಬಂದರೂ ಅಂಗಳದಲ್ಲಿ ನಿಂತು ಕಾಯಬೇಕು. ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ, ಆ ನೂರನ್ನು ವಾಪಸು ಎಸೆಯುವ ಕೆಲಸ ಮಾತಾಡಿಸಿದವರದ್ದೇ. ಒಂದು ಸಲ ಮಂಡಿಯ ದೊಡ್ಡ ಸಾಹುಕಾರರೊಬ್ಬರು ನನ್ನ ತಂಗಿ ಎಣಿಸುತ್ತಿರುವಾಗ “ಏನಮ್ಮಾ, ಕಾಯಿ ಚೆನ್ನಾಗವಾ” ಅಂದುಬಿಟ್ಟರು. ಬಿಳಿ ಪಂಚೆಯಲ್ಲಿದ್ದ ಅವರಿಂದ ನಾನು ಕಾಯಿ ಎಸೆಸಿದೆ. ನನ್ನ ತಂಗಿಯ ಎಣಿಕೆಗೆ ಅಡ್ಡ ಬಂದವರನ್ನು ನಾನು ಬಿಡುತ್ತಿರಲಿಲ್ಲ. ಅವಳ ಎಣಿಕೆ ಅಂದರೆ ಸುತ್ತಲ ತೋಟದವರಿಗೆಲ್ಲ ಅಷ್ಟು ನಂಬಿಕೆ. ಎಷ್ಟೇ ದೊಡ್ಡ ರಾಶಿಯಾದರೂ ಒಂದು ಕಡೆಯೂ ನಾಲಿಗೆ ತಡೆಯುತ್ತಿರಲಿಲ್ಲ, ದನಿ ಏರಿ ಇಳಿದು ನೀರು ಹರಿದ ಹಾಗೆ ಬರುತ್ತಿತ್ತು. ಅದು ಯಾಕೆ ಹಾಗೆ ಅಂತ ಕೇಳುವ ಬುದ್ಧಿ ನಮಗೆ ಯಾರಿಗೂ ಬಂದಿರಲಿಲ್ಲ.

ಇಂಥ ತಂಗಿಗೆ ಐದಾರು ವರ್ಷದಿಂದ ರ‍್ಯಾಪ್ ಹಾಡಿನ ಹುಚ್ಚು. ಕಿವಿಗೆ ಬಿಳಿ ಬಿರಡೆ ಸಿಕ್ಕಿಸಿಕೊಂಡು ಅಟ್ಟದ ಏಣಿಯ ಮೇಲೆ ಕೂತುಬಿಡುತ್ತಾಳೆ. ನಾನು ಒಂದು ಸಲ ಒಂದು ಬಿರಡೆ ಕಿತ್ತು ನನ್ನ ಕಿವಿಗೆ ಇಟ್ಟುಕೊಂಡು ಕೇಳಿದೆ. ಯಾರೋ ಯಾರನ್ನೋ ಬೈಯುತ್ತಿದ್ದ. “ಇದೇನೇ, ಹಾಡೋ ಜಗಳವೋ? ಜಗಳ ಆದ್ರೆ ಇದಕ್ಕಿಂತ ಚೆನ್ನಾಗಿ ನಾನೇ ಆಡ್ತೀನಿ” ಅಂದೆ. ಅವಳು ನಕ್ಕು ಬಿರಡೆ ವಾಪಸು ತೆಗೆದುಕೊಂಡಳು. ಅವಳು ಕೇಳುತ್ತಿದ್ದದ್ದು ಹೆಚ್ಚಾಗಿ ಒಬ್ಬನದೇ ಹಾಡು. ಅವನ ಹೆಸರು ಹೇಳಿದರೆ ಕಾಲೇಜು ಹುಡುಗರೆಲ್ಲ ಎದ್ದು ಕೂರುತ್ತಾರೆ. ಹೊರಗೆ ದೊಡ್ಡ ದೊಡ್ಡ ಊರುಗಳಲ್ಲಿ ಹಾಡುತ್ತಾನೆ, ಕೂದಲಿಗೆ ತಾಮ್ರದ ಬಣ್ಣ ಹಾಕಿಸಿದ್ದಾನೆ. ಆದರೆ ಹುಟ್ಟಿದ್ದು ನಮ್ಮ ಕಡೆಯೇ. ಅವನ ಅಜ್ಜಿ ನಮ್ಮ ಶೆಡ್ಡಿನಲ್ಲೇ ಚಿಪ್ಪು ಹೊಡೆಯುತ್ತಿದ್ದಳು.

ಹೋದ ವರ್ಷ ಶಿವರಾತ್ರಿಗೆ ಮುಂಚೆ ಅವನು ಕಾರಿನಲ್ಲಿ ಬಂದಿಳಿದ. ಜೊತೆಗೆ ಒಬ್ಬ ಸೌಂಡಿನವನು, ಅವನ ಕೈಯಲ್ಲಿ ಉಣ್ಣೆಯ ಟೋಪಿ ಹಾಕಿದ ಉದ್ದದ ಮೈಕು. ಚಿಪ್ಪು ಹೊಡೆಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬಳಿದ್ದಾಳೆ, ಎಪ್ಪತ್ತು ದಾಟಿದೆ, ಅವಳ ಬಾಯಿಗೆ ನಾನೂ ಸ್ವಲ್ಪ ಹೆದರುತ್ತೇನೆ. ಅವಳು ಇವನ ತಲೆ ನೋಡಿ, “ಯಾಕ್ಲಾ ಮಗ, ತಲೆ ಮ್ಯಾಲೆ ತೆಂಗಿನ ನಾರು ಅಂಟಿಸ್ಕಂಡು ಬಂದಿದ್ದೀಯ? ನಿಮ್ಮಜ್ಜಿ ಇದ್ದಿದ್ರೆ ಉಜ್ಜಿ ಉಜ್ಜಿ ತೊಳೆಯೋಳು” ಅಂದಳು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಅಷ್ಟು ಹೊತ್ತಿಗೆ ನನ್ನ ಮುಖವೂ ಸ್ವಲ್ಪ ಸಡಿಲವಾಯಿತು.

“ಅಕ್ಕಾ, ಹೊಸ ಹಾಡು ಮಾಡ್ತಿದೀನಿ. ಡ್ರಮ್ಮು ಗಿಮ್ಮು ಬ್ಯಾಡ ಅಂತ. ನಮ್ಮಜ್ಜಿ ಚಿಪ್ಪು ಹೊಡೀತಿದ್ದಾಗ ಇಲ್ಲೇ ನಾರಿನ ಮ್ಯಾಲೆ ಮಲ್ಕೊಂತಿದ್ನಲ್ಲ, ಆಗ ಕೇಳ್ತಿದ್ದ ಸದ್ದೇ ಬೇಕು” ಅಂದ.

ನನಗೇನು, ತಗೋ ಅಂದೆ. ಹೆಂಗಸರು ಚಿಪ್ಪು ಹೊಡೆಯುವ ಸದ್ದು ತೆಗೆದುಕೊಂಡ. ಕಾಯಿ ಅಲ್ಲಾಡಿಸುವ ಸದ್ದು ತೆಗೆದುಕೊಂಡ. ಅಟ್ಟದ ಮೇಲೆ ಕಾಯಿ ಉರುಳುವ ಸದ್ದು ತೆಗೆದುಕೊಂಡ. ಕೊನೆಗೆ, ಎಣಿಸುವುದು ಬೇಕು ಅಂದ. ತಂಗಿ ಆಗಿನಿಂದಲೂ ಕಂಬದ ಪಕ್ಕ ನಿಂತು ಅವನನ್ನೇ ನೋಡುತ್ತಿದ್ದಳು. ಅವಳು ರಾಶಿಯ ಹತ್ತಿರ ಹೋಗಿ ಸೆರಗು ಸಿಕ್ಕಿಸಿದಳು. ಅಷ್ಟರಲ್ಲಿ ಗೇಟಿನ ಹತ್ತಿರ ನಾರು ಕೊಳ್ಳುವ ಟ್ರ್ಯಾಕ್ಟರ್ ಬಂದು ಹಾರನ್ ಹೊಡೆಯಿತು. ರೆಕಾರ್ಡಿಂಗ್ ಹಾಳಾಗುತ್ತೆ ಅಂತ ನಾನು ಟ್ರ್ಯಾಕ್ಟರಿನವನನ್ನು ಬೈಯಲು ಓಡಿದೆ. ವಾಪಸು ಬರುವಷ್ಟರಲ್ಲಿ ಎಣಿಕೆ ಮುಗಿದಿತ್ತು. ಸೌಂಡಿನವನು ಕಿವಿಯ ಮೇಲಿನ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡಿದ್ದ.

ಆಮೇಲೆ ಎಲ್ಲರೂ ಅಂಗಳದಲ್ಲಿ ಕೂತೆವು. ಟೀ ಹಾಕಲಾ ಅಂತ ನಾನು ಎದ್ದೆ. ಅವನು ತಂಗಿಯನ್ನು ನೋಡಿ, “ಅಕ್ಕಾ, ನೀವೇನ್ ಕುಡೀತೀರ?” ಅಂತ ಕೇಳಿದ.

“ಅವಳೂ ಟೀನೇ” ಅಂದೆ ನಾನು.

ಅವನು ನನ್ನ ಕಡೆ ತಿರುಗಲಿಲ್ಲ. ಅವಳನ್ನೇ ನೋಡುತ್ತಾ ಕೂತ. ಅವಳ ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು. ಅಂಗಳದಲ್ಲಿ ಒಂದು ಕೋಳಿ ಈ ತುದಿಯಿಂದ ಆ ತುದಿಗೆ ನಡೆದುಹೋಯಿತು. ಇವನಿಗೇನು ಕರುಣೆ ಇಲ್ಲವಾ ಅನ್ನಿಸಿತು.

“ಕಾ... ಕಾಫಿ” ಅಂದಳು ತಂಗಿ.

ಮೂವತ್ತು ವರ್ಷದಿಂದ ನಾನು ಅವಳಿಗೆ ದಿನಾ ಎರಡು ಹೊತ್ತು ಟೀ ಕೊಟ್ಟಿದ್ದೇನೆ. ಅಡುಗೆಮನೆಯಲ್ಲಿ ಕಾಫಿಪುಡಿ ಹುಡುಕುತ್ತಾ ನನಗೆ ಸಿಟ್ಟೇ ಬಂತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ, ಆದ್ದರಿಂದ ಅವನ ಮೇಲೆ ಅಂದುಕೊಂಡೆ.

ಹೊರಡುವ ಮೊದಲು ಅವನು ತಂಗಿಯ ಮುಂದೆ ನಿಂತು, “ಅಕ್ಕಾ, ನಿಮ್ಮ ವಾಯ್ಸ್ ಹಾಡಲ್ಲಿ ಹಾಕ್ಲಾ?” ಅಂದ. ಅವಳು ಬಾಯಿ ತೆರೆದಳು. ಅವಳ ಮುಖದಲ್ಲಿ ಏನೋ ಹೊಳೆಯಿತು, ನಾನು ಅದನ್ನು ನೋಡಿದೆ. ನೋಡಿದರೂ ನನಗೆ ಕಂಡದ್ದು ಸಂಪಿಗೆ ದಾರಿಯಲ್ಲಿ ಅಣಕಿಸುತ್ತಾ ಬರುವ ಆ ಹುಡುಗ. ಆಗ ಒಬ್ಬನಿದ್ದ. ಈ ಹಾಡು ಬಂದರೆ ಆಟೋದಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಎಷ್ಟು ಜನವಾಗುತ್ತಾರೋ.

“ಬ್ಯಾಡ” ಅಂದೆ. “ಅವಳಿಗೆ ಇಷ್ಟ ಇಲ್ಲ.”

“ನಾನು ಅವರನ್ನ ಕೇಳಿದ್ದು ಅಕ್ಕಾ.”

ಅಷ್ಟು ಸಾಕಾಯಿತು. “ನಿನ್ನೆ ಮೊನ್ನೆ ನಮ್ಮ ನಾರಿನ ಮ್ಯಾಲೆ ಮಲಗಿ ಮೂಗು ಸುರಿಸ್ಕಂತಿದ್ದೋನು ನೀನು, ನನ್ನ ತಂಗಿ ವಿಷಯ ನಂಗೇ ಹೇಳಿಕೊಡಕ್ಕೆ ಬತ್ತೀಯಾ? ನಿಂಗೆ ಗೊತ್ತಾ ಅವಳು ಪಟ್ಟಿರೋ ಪಾಡು? ಸದ್ದು ತಗಂಡ್ಯಲ್ಲ, ಸಾಕು ಬುಡು, ಹೊರಡು” ಅಂದೆ. ಇನ್ನೂ ಏನೇನೋ ಅಂದೆ. ಹಿರಿಯಳು ಚಿಪ್ಪು ಹೊಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಅವನು “ಆಯ್ತು ಅಕ್ಕಾ, ಅವರು ಹೂಂ ಅನ್ನದೆ ಹಾಕಲ್ಲ” ಅಂದ. ಲೆಕ್ಕ ಬರೆಯಲು ನಾವು ಕಂಬದ ಮೇಲೆ ಇಟ್ಟಿರುವ ಸೀಮೆಸುಣ್ಣ ತೆಗೆದುಕೊಂಡು ಅದೇ ಕಂಬದ ಮೇಲೆ ತನ್ನ ಫೋನ್ ನಂಬರು ಬರೆದು ಹೋದ. ತಂಗಿ ಅಷ್ಟು ಹೊತ್ತಿಗೆ ಏಣಿ ಹತ್ತಿ ಅಟ್ಟಕ್ಕೆ ಹೋಗಿದ್ದಳು.

ಆಮೇಲೆ ನಾಲ್ಕು ದಿನ ಅವಳು ನನ್ನ ಹತ್ತಿರ ಮಾತು ಬಿಟ್ಟಳು. ಮೊದಲೇ ಮಾತಾಡದವಳು ಮಾತು ಬಿಟ್ಟರೆ ಗೊತ್ತಾಗುವುದು ಹೇಗೆ ಅಂತ ಕೇಳಬಹುದು. ಗೊತ್ತಾಗುತ್ತದೆ. ತಟ್ಟೆ ಇಡುವ ಸದ್ದಿನಲ್ಲಿ ಗೊತ್ತಾಗುತ್ತದೆ. ನಾನು ಅವಳ ಪರವಾಗಿ ಮಾತಾಡಿದಾಗ ತಲೆಯಾಡಿಸುವುದನ್ನೂ ನಿಲ್ಲಿಸಿದಳು, ಗೋಡೆ ನೋಡುತ್ತಾ ನಿಲ್ಲುತ್ತಿದ್ದಳು. ಐದನೇ ದಿನ ನಾನು ಟೀ ಬದಲು ಕಾಫಿ ಮಾಡಿ ಮುಂದಿಟ್ಟೆ. ಕುಡಿದಳು. ಸರಿಹೋಯಿತು ಅಂದುಕೊಂಡೆ. ಕಂಬದ ಮೇಲಿನ ನಂಬರನ್ನು ಅಳಿಸಬೇಕು ಅಂತ ಎರಡು ಸಲ ಬಟ್ಟೆ ತೆಗೆದುಕೊಂಡು ಹೋದೆ, ಪಕ್ಕದಲ್ಲೇ ಅಟ್ಟದ ಕಾಯಿಯ ಲೆಕ್ಕ ಇದ್ದದ್ದರಿಂದ ಕೈ ತಡೆಯಿತು.

ಯುಗಾದಿ ಮುಗಿದ ಮೇಲೆ ಹಾಡಿನ ಸುದ್ದಿ ಶುರುವಾಯಿತು. ಹಾಡಿಗೆ ‘ಇಪ್ಪತ್ತೈದು ಎಸೆತ’ ಅಂತ ಹೆಸರಿಟ್ಟಿದ್ದ. ಮುಂಚಿತವಾಗಿ ಇಪ್ಪತ್ತು ಸೆಕೆಂಡಿನ ಒಂದು ತುಣುಕು ಬಿಟ್ಟಿದ್ದ. ಅದರಲ್ಲಿ ನಮ್ಮ ಚಿಪ್ಪು ಹೊಡೆಯುವ ಸದ್ದು, ಅದರ ಮೇಲೆ ಅವನ ಮಾತು:

ಹನ್ನೊಂದ್ ತಿಂಗ್ಳು ಅಟ್ಟದ್ ಮ್ಯಾಲೆ ಕತ್ಲಲ್ ಕೂತು ಕಾದೋನು,
ಅಲ್ಲಾಡ್ಸ್ ನೋಡು ಈಗ ನನ್ನ, ಒಳ್ಗೊಳ್ಗೆ ಗಟ್ಟಿ ಆದೋನು.

ಎರಡು ಸಾಲು ನನಗೂ ಹಿಡಿಸಿತು, ಯಾರಿಗೂ ಹೇಳಲಿಲ್ಲ. ತಿಪಟೂರಿನ ಬಸ್ ಸ್ಟ್ಯಾಂಡಿನಲ್ಲಿ, ಹುಳಿಯಾರಿನ ಅಂಗಡಿಗಳಲ್ಲಿ, ಎಲ್ಲರ ಫೋನಿನಲ್ಲೂ ಅದೇ ಇಪ್ಪತ್ತು ಸೆಕೆಂಡು. ಬೋರನಕಣಿವೆ ಡ್ಯಾಮಿನ ಕೆಳಗಿನ ತೋಟದಿಂದ ಕಾಯಿ ತಂದ ಲಾರಿ ಡ್ರೈವರು ಕೂಡ, “ಇದು ನಿಮ್ ಶೆಡ್ಡಿನ ಸದ್ದಂತೆ, ಹೌದೇನ್ರೀ?” ಅಂತ ಕೇಳಿದ. ನಾನು ದೊಡ್ಡ ಮನುಷ್ಯಳ ಹಾಗೆ ಹೌದು ಅಂದೆ. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಪೂರ್ತಿ ಹಾಡು ಬರುತ್ತದೆ ಅಂತ ತಿಳಿಯಿತು.

ಆ ವಾರವೆಲ್ಲ ತಂಗಿ ಸರಿಯಾಗಿ ಊಟ ಮಾಡಲಿಲ್ಲ. ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯ ತಳದಿಂದ ಅವ್ವನ ಹಳೆಯ ಹಳದಿ ಸೀರೆ ತೆಗೆದು ಉಟ್ಟಳು. ಪಾಪ, ತನ್ನ ದನಿ ಇಲ್ಲದ ಹಾಡಿಗೆ ಇಷ್ಟು ತಯಾರಿ ಮಾಡಿಕೊಳ್ಳುತ್ತಾಳಲ್ಲ ಅಂತ ನನ್ನ ಕರುಳು ಚುರುಕ್ ಅಂತು. ಅವತ್ತು ಮೊದಲ ಸಲ, ನಾನು ಬೇಡ ಅಂದದ್ದು ತಪ್ಪಾಯಿತೇನೋ ಅಂತ ಅನ್ನಿಸಿತು. ಆದರೆ ಆಗಿಹೋಗಿತ್ತು. ಇನ್ನು ಒಳ್ಳೆಯದಕ್ಕೇ ಆಯಿತು ಅಂದುಕೊಳ್ಳುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ಹತ್ತೂ ಮುಕ್ಕಾಲಿಗೇ ಹೆಂಗಸರು ಕತ್ತಿ ಕೆಳಗಿಟ್ಟರು. ನಾನು ಬೈಯಲಿಲ್ಲ. ಒಬ್ಬಳು ಮಗನ ಸ್ಪೀಕರ್ ತಂದಿದ್ದಳು, ಅದನ್ನು ಕಾಯಿ ಹೊರುವ ಬುಟ್ಟಿ, ಖಾಲಿ ಮಂಕರಿಯೊಳಗೆ ಇಟ್ಟರೆ ಸದ್ದು ದುಂಡಗೆ ಬರುತ್ತದೆ ಅಂತ ಹಾಗೇ ಇಟ್ಟಳು. ಎಲ್ಲರೂ ಅದರ ಸುತ್ತ ಕೂತರು. ತಂಗಿ ಏಣಿಯ ಎರಡನೇ ಮೆಟ್ಟಿಲ ಮೇಲೆ ಕೂತಳು. ನಾನು ಕಂಬಕ್ಕೆ ಒರಗಿ ನಿಂತೆ. ಬೆನ್ನ ಹಿಂದೆ ಅವನ ನಂಬರು ಇತ್ತು.

ಹಾಡು ಶುರುವಾಯಿತು. ಮೊದಲು ಕಾಯಿ ಅಲ್ಲಾಡಿಸಿದ ಗಡಗಡ. ಹಿರಿಯಳು, “ಅದು ನಾನು ಅಲ್ಲಾಡ್ಸಿದ್ದು ಕಣ್ರೇ” ಅಂದಳು. ಎಲ್ಲರೂ ಅವಳಿಗೆ ಸುಮ್ಮನಿರು ಅಂದರು. ಆಮೇಲೆ ಒಂದೇ ಒಂದು ಚಿಪ್ಪು ಒಡೆದ ಸದ್ದು. ಆಮೇಲೆ ಅವನ ದನಿ, ಹಾಡಿನದ್ದಲ್ಲ, ಮಾಮೂಲಿ ಮಾತಿನ ದನಿ: “ಅಕ್ಕಾ, ಶುರು ಮಾಡೋಣ್ವಾ?”

ಆಮೇಲೆ ಏನೂ ಇಲ್ಲ. ಸ್ಪೀಕರ್ ನಿಂತುಹೋಯಿತು ಅಂದುಕೊಂಡೆ. ಕಿವಿಗೊಟ್ಟರೆ ತೆಂಗಿನ ಗರಿಗಳು ಗಾಳಿಗೆ ಉಜ್ಜಿಕೊಳ್ಳುವ ಸದ್ದು ಕೇಳುತ್ತಿತ್ತು. ಯಾರೋ ಉಸಿರು ಎಳೆದುಕೊಂಡರು, ಎಳೆದು ಹಿಡಿದರು. ಆ ಉಸಿರು ನನಗೆ ಗೊತ್ತು. ನಲವತ್ತು ವರ್ಷದಿಂದ ಗೊತ್ತು. ಕತ್ತಿನ ನರ ಉಬ್ಬುವುದು, ಕಣ್ಣು ಮುಚ್ಚುವುದು ಎಲ್ಲ ಆ ಮಂಕರಿಯೊಳಗೆ ನನಗೆ ಕಂಡಿತು. ಸೆಕೆಂಡುಗಳು ಹೋಗುತ್ತಿದ್ದವು, ಮಾತು ಬರುತ್ತಿರಲಿಲ್ಲ.

“ಹೂಂ, ಶುರು ಮಾಡಪ್ಪ” ಅಂದುಬಿಟ್ಟೆ. ಗಟ್ಟಿಯಾಗಿ, ಶೆಡ್ಡಿಗೆಲ್ಲ ಕೇಳುವ ಹಾಗೆ.

ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ಅದೇ ಹೊತ್ತಿಗೆ ಮಂಕರಿಯೊಳಗಿಂದ ತಂಗಿಯ ದನಿ ಬಂತು: “ಮೊ... ಮೊದ್ಲು ನೀನು ಪಕ್ಕಕ್ಕೆ ನಿಂತ್ಕಳಪ್ಪ. ಕಾಯಿ ಕಾಲ್ ಮ್ಯಾಲೆ ಬಿದ್ದಾತು.”

ಶೆಡ್ಡು ನಕ್ಕಿತು. ಹಾಡಿನೊಳಗೆ ಅವನೂ ನಕ್ಕ. ತಕ್ಷಣ ಅವಳ ಎಣಿಕೆ ಶುರುವಾಯಿತು. ಲಾಭ ಲಾಭ, ಎರಡೂ ಎರಡು, ಒಂದೊಂದು ಎಸೆತಕ್ಕೂ ನಾಲ್ಕು ಕಾಯಿ ರಾಶಿಗೆ ಬಿದ್ದ ಸದ್ದು, ಆ ಸದ್ದೇ ತಾಳ. ಅದರ ಮೇಲೆ ಅವನು ಹತ್ತಿ ಕೂತು ಮಾತು ಓಡಿಸಿದ. ಅಜ್ಜಿಯ ಕೈ, ಚಿಪ್ಪಿನ ಚೂರು, ನಾರಿನ ಹಾಸಿಗೆ ಎಲ್ಲ ಬಂತು. ಪ್ರತಿ ಇಪ್ಪತ್ತೈದಕ್ಕೂ ಅವನು ನಿಲ್ಲಿಸಿ ಹೇಳುತ್ತಿದ್ದ:

ಎಣಿಸೋರ್ ಮುಂದೆ ಬಾಯ್ ಬಿಡ್ಬ್ಯಾಡ,
ಬರೋ ಲೆಕ್ಕ ತಪ್ಪಿಸ್ಬ್ಯಾಡ.

ಇದು ಯಾರಿಗೆ ಬರೆದದ್ದು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡನೇ ಸಲ ಬಂದಾಗ ಹೆಂಗಸರು ಕೈ ತಟ್ಟಿಕೊಂಡು ಜೊತೆಗೆ ಹೇಳಿದರು. ಹಿರಿಯಳು ನನ್ನ ಕಡೆ ನೋಡಿಕೊಂಡೇ ಹೇಳಿದಳು.

ನನಗೆ ಅವಮಾನ, ಸಿಟ್ಟು, ಅಳು ಮೂರೂ ಒಟ್ಟಿಗೆ ಬಂದವು. ಮೂರರಲ್ಲಿ ಸಿಟ್ಟೇ ನನಗೆ ಚೆನ್ನಾಗಿ ಅಭ್ಯಾಸ ಇದ್ದದ್ದು. ಹಾಡು ಮುಗಿಯುವುದನ್ನೂ ಕಾಯಲಿಲ್ಲ. ಕೊಟ್ಟ ಮಾತು ಮುರಿದ, ಹೂಂ ಅನ್ನದೆ ಹಾಕಲ್ಲ ಅಂದವನು ಹಾಕಿದ, ಅದೂ ಅವಳ ಉಗ್ಗನ್ನೂ ಸೇರಿಸಿ ಊರಿಗೆಲ್ಲ ಕೇಳಿಸಿದ. ಫೋನ್ ತೆಗೆದು ತಿರುಗಿ ಕಂಬದ ಮೇಲಿನ ನಂಬರು ಒತ್ತತೊಡಗಿದೆ. “ಇವತ್ತು ಅವನ ಗ್ರಹಚಾರ ಬಿಡಿಸ್ತೀನಿ. ನಂಬಿಸಿ ಕತ್ತು ಕುಯ್ದನಲ್ಲ ಬಡ್ಡೀಮಗ” ಅನ್ನುತ್ತಿದ್ದೆ. ಆರು ಅಂಕಿ ಒತ್ತಿದ್ದೆನೋ ಏನೋ, ಪಕ್ಕದಿಂದ ಒಂದು ಕೈ ಬಂದು ಫೋನಿನ ಮೇಲೆ ಕೂತಿತು.

ತಂಗಿ ಏಣಿ ಇಳಿದು ಬಂದು ನಿಂತಿದ್ದಳು. ಹಳದಿ ಸೀರೆ ಅವಳಿಗೆ ಎಷ್ಟು ಒಪ್ಪುತ್ತದೆ ಅಂತ ಆಗ ನೋಡಿದೆ. ಅವಳು ಬಾಯಿ ತೆರೆದಳು.

“ನಾ...”

ನಿಂತಿತು. ಕತ್ತಿನ ನರ ಉಬ್ಬಿತು. ಆದರೆ ಈ ಸಲ ಅವಳು ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ನನ್ನ ನಾಲಿಗೆಯ ತುದಿಯಲ್ಲಿ ಆರೇಳು ಮಾತು ತಯಾರಾಗಿ ನಿಂತಿದ್ದವು. ನಾಳೆ ಫೋನ್ ಮಾಡು ಅಂತ ಹೇಳುತ್ತಿದ್ದಾಳೆ. ನಾಚಿಕೆ ಆಗುತ್ತೆ ಅಂತ ಹೇಳುತ್ತಿದ್ದಾಳೆ. ನಾನು ಅವನಿಗೆ ಏನೂ ಹೇಳಿರಲಿಲ್ಲ ಅಂತ ಹೇಳುತ್ತಿದ್ದಾಳೆ. ಯಾವುದಾದರೂ ಒಂದನ್ನು ಎತ್ತಿ ಕೊಟ್ಟರೆ ಅವಳು ತಲೆಯಾಡಿಸುತ್ತಾಳೆ, ಸಂಕಟ ಮುಗಿಯುತ್ತದೆ, ನಾನು ನಂಬರು ಒತ್ತಬಹುದು. ಆದರೆ ಐದು ನಿಮಿಷದ ಹಿಂದೆ ಒಂದು ಮಂಕರಿಗೆ ಉತ್ತರ ಕೊಟ್ಟು, ಅದೂ ತಪ್ಪು ಉತ್ತರ ಕೊಟ್ಟು, ಇಷ್ಟು ಜನರ ಮುಂದೆ ನಿಂತಿದ್ದೆ. ಬಾಯಿ ಬಿಗಿ ಹಿಡಿದೆ. ಹಿಡಿದೆನೇ ಹೊರತು ಸುಮ್ಮನಿರುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಏನು ಮಾಡಬೇಕು, ಎಲ್ಲಿ ನೋಡಬೇಕು ತಿಳಿಯದೆ ಮನಸ್ಸಿನಲ್ಲೇ ಎಣಿಸತೊಡಗಿದೆ. ಲಾಭ ಲಾಭ. ಎರಡೂ ಎರಡು. ಮೂರೂ ಮೂರು.

ಅವಳು ಇನ್ನೊಮ್ಮೆ “ನಾ” ಅಂದಳು. ಸ್ಪೀಕರಿನಲ್ಲಿ ಹಾಡು ಮುಗಿದಿತ್ತು. ಯಾರೋ ಅದನ್ನು ಮತ್ತೆ ಹಾಕಲು ಹೋದರೆ ಹಿರಿಯಳು ಅವಳ ಕೈ ಹಿಡಿದಳು. ಹನ್ನೆರಡು, ಹದಿಮೂರು. ಇಪ್ಪತ್ತೈದಾಯಿತು. ಮನಸ್ಸಿನಲ್ಲೇ ಗುರುತಿನ ಕಾಯಿ ಒಂದನ್ನು ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ ಶುರು ಮಾಡಿದೆ.

ಒಂಬತ್ತಕ್ಕೆ ಮಾತು ಬಂತು.

“ನಾನೇ ಫೋ... ಫೋನ್ ಮಾಡಿ ಹಾಕು ಅಂದೆ. ಉ... ಉಗ್ಗಿದ್ದನ್ನೂ ಹಾಕು ಅಂದೆ. ಅವನು ಕಾ... ಕಾಯ್ದ. ನೀನು ಬ್ಯಾಡ ಅಂದಾಗ ನಂಗೆ ಬೇಜಾರಾಯ್ತಕ್ಕಾ.”

ಬೇಜಾರಾಯ್ತು ಅಂತ ನನ್ನ ತಂಗಿ ನನಗೆ ಹೇಳಿದ್ದು ಅದೇ ಮೊದಲು. ಅದಕ್ಕೆ ಮುಂಚೆ ಆಗಿರಲಿಲ್ಲ ಅಂತಲ್ಲ. ನೀಲಿ ಸೀರೆಗಳು ನೆನಪಾದವು, ಮೂವತ್ತು ವರ್ಷದ ಟೀ ನೆನಪಾಯಿತು, ವಾಪಸು ಕಳಿಸಿದ ಗಂಡಿನ ಕಡೆಯವರು ನೆನಪಾದರು. ಅಷ್ಟಕ್ಕೂ ಈಗ ಒಟ್ಟಿಗೆ ಉತ್ತರ ಕೊಡಲು ಹೋದರೆ ಮತ್ತೆ ನಾನೇ ಮಾತಾಡಿದ ಹಾಗಾಗುತ್ತದೆ ಅಂತ ಅನ್ನಿಸಿತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿದೆ. ಅಳು ಬಂತು, ಅತ್ತುಬಿಟ್ಟೆ. ಹೆಂಗಸರು ಮೆಲ್ಲಗೆ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕತ್ತಿ ಎತ್ತಿಕೊಂಡರು.

ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಸೆರಗಿನಿಂದ ಮುಖ ಒರೆಸಿಕೊಂಡು, “ಏನ್ ಕುಡೀತೀಯ?” ಅಂತ ಕೇಳಿದೆ. ಕೇಳಿ, ಬಾಯಿ ಮುಚ್ಚಿಕೊಂಡು ಕೂತೆ.